ದೋಣಿಯ ಎಡ ಮಗ್ಗುಲು

ಪೀಣ್ಯದ ಎರಡನೇ ಹಂತದಲ್ಲಿ ಸ್ಟೀಲಿಗೆ ಹೊಳಪು ಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ, ಆದರೆ ಸೋಮಪ್ಪನಂಥವನು ಒಬ್ಬನೇ ಎಂದು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ಆಮೇಲೆ ಆ ಮಾತನ್ನು ಎಲ್ಲರಿಗಿಂತ ಹೆಚ್ಚು ಸಲ ಹೇಳಿದವನು ಸೋಮಪ್ಪನೇ. ಪಾತ್ರೆ ಕಾರ್ಖಾನೆಯ ಪಾಲಿಶ್ ಚಕ್ರದ ಮುಂದೆ ಮೂವತ್ತು ವರ್ಷ ಕಳೆದಿದ್ದ. ಮಾಲು ಸಿದ್ಧವಾಯಿತೋ ಇಲ್ಲವೋ ಎಂದು ನೋಡುವುದಕ್ಕೆ ಅವನದೇ ಒಂದು ರೀತಿಯಿತ್ತು. ಕೊಳಗವನ್ನು ಎದುರಿಗೆ ಹಿಡಿದು ಜೇಬಿನಿಂದ ಬಾಚಣಿಗೆ ತೆಗೆದು ಮೀಸೆ ಬಾಚಿಕೊಳ್ಳುತ್ತಿದ್ದ. ಮೀಸೆಯ ನರೆಗೂದಲು ಒಂದೊಂದೂ ಬಿಡಿಬಿಡಿಯಾಗಿ ಕಂಡರೆ ಪಾಸು. ಇಲ್ಲದಿದ್ದರೆ ಮತ್ತೆ ಚಕ್ರಕ್ಕೆ. ಸುತ್ತಲಿನ ಹುಡುಗರು ಇದನ್ನು ನೋಡಲೆಂದೇ ಕೆಲಸ ಬಿಟ್ಟು ನಿಲ್ಲುತ್ತಿದ್ದರು. ಅವರು ನಿಂತಿದ್ದಾರೆ ಎಂದು ಗೊತ್ತಾದರೆ ಸೋಮಪ್ಪ ಇನ್ನೂ ಸ್ವಲ್ಪ ಹೊತ್ತು ಬಾಚಿಕೊಳ್ಳುತ್ತಿದ್ದ.

ಅವನ ವಿದ್ಯೆಯಲ್ಲಿ ಗುಟ್ಟೇನೂ ಇರಲಿಲ್ಲ. ಸ್ಟೀಲು ಬಿಸಿಯಾಗದೆ ಹೊಳೆಯುವುದಿಲ್ಲ. ಚಕ್ರ ಭರ್ರೆಂದು ತಿರುಗಬೇಕು, ಪಾತ್ರೆಯನ್ನು ಅದುಮಿ ಹಿಡಿಯಬೇಕು, ಕೈಗವಸಿನೊಳಗೆ ಬೆರಳು ಚುರುಗುಟ್ಟಬೇಕು. ಪಾಲಿಶ್ ಮೇಣ ಕಾದ ವಾಸನೆ ಮೂಗಿಗೆ ಬಡಿದಾಗ ಇನ್ನೊಂದಿಷ್ಟು ಒತ್ತಬೇಕು. ಆ ವಾಸನೆ ಬಂತೆಂದರೆ ಹೊಳಪು ಬಂತು ಎಂದೇ ಅರ್ಥ. ಅವನಿಗೆ ಕಣ್ಣಿಗಿಂತ ಮೂಗಿನ ಮೇಲೆ ಹೆಚ್ಚು ನಂಬಿಕೆಯಿತ್ತು.

ವೆಂಕಟೇಶಪ್ಪ ಅವನದೇ ಊರಿನವನು. ಅಂದರೆ ಈ ಕಾರ್ಖಾನೆಗಳೆಲ್ಲ ಬರುವ ಮೊದಲು ಇಲ್ಲಿದ್ದ ಹಳ್ಳಿಯ ಮನೆತನದವನು. ಜಮೀನು ಹೋಗಿ ಉಳಿದ ಸೈಟಿನಲ್ಲಿ ಶೆಡ್ಡು ಹಾಕಿ ಫೈಬರ್ ಕೆಲಸ ಶುರುಮಾಡಿದ್ದ. ಮಕ್ಕಳ ಪಾರ್ಕಿನ ಜಾರುಬಂಡೆ, ಕಸದ ಡಬ್ಬ, ವೈಟ್‌ಫೀಲ್ಡಿನ ಕಂಪನಿಗಳ ಗೇಟಿನಲ್ಲಿ ವಾಚ್‌ಮನ್ ಕೂರುವ ಗೂಡು, ಹೀಗೆ ಕೇಳಿದ್ದೆಲ್ಲ ಮಾಡಿಕೊಡುತ್ತಿದ್ದ. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಎದ್ದುನಿಂತು, ಮೇಲೆ ಓಡುವ ರೈಲಿಗೆ ಜನ ಇನ್ನೂ ಕಾಯುತ್ತಿದ್ದ ಆ ವರ್ಷ ಅವನಿಗೆ ಮೊದಲ ಸಲ ಒಂದು ದೋಣಿ ಮಾಡುವ ಕೆಲಸ ಸಿಕ್ಕಿತು. ಎಂಟು ಜನ ಕೂರುವ ನೀಲಿ ದೋಣಿ. ಸಂಕ್ರಾಂತಿಯ ಹೊತ್ತಿಗೆ ಹೊರವಲಯದ ಒಂದು ಕೆರೆಯಲ್ಲಿ ಬಿಡಬೇಕಿತ್ತು. ಬಾಡಿಗೆಗೆ ತಂದ ಅಚ್ಚು ಹಳೆಯದಾಗಿತ್ತೋ ಏನೋ, ದೋಣಿ ಮಂಕಾಗಿ ಹೊರಬಂತು. ಅದನ್ನು ಕನ್ನಡಿಯ ಹಾಗೆ ಮಾಡಿಕೊಡು ಎಂದು ವೆಂಕಟೇಶಪ್ಪ ನೇರವಾಗಿ ಸೋಮಪ್ಪನ ಮನೆಗೆ ಬಂದ.

"ಸ್ಟೀಲೇ ನಿನ್ ಮಾತ್ ಕೇಳ್ತದೆ ಸೋಮಣ್ಣ. ಈ ಪ್ಲಾಸ್ಟಿಕ್ಕು ಯಾವ ಲೆಕ್ಕ?" ಎಂದ.

ಸೋಮಪ್ಪ, "ನೋಡನ ಬಿಡು," ಎಂದ. ಆದರೆ ಅಷ್ಟರಲ್ಲಾಗಲೇ ಒಪ್ಪಿಕೊಂಡಾಗಿತ್ತು. ಕಾಫಿ ತಂದ ಹೆಂಡತಿ ಅನುಸೂಯಮ್ಮನಿಗೂ ಅದು ಗೊತ್ತಾಯಿತು.

ಭಾನುವಾರ ಶೆಡ್ಡಿಗೆ ಹೋದಾಗ ಅವನಿಗೆ ದೋಣಿಯ ಜೊತೆಗೆ ದುರ್ಗವ್ವಳೂ ಪರಿಚಯವಾದಳು. ಲಿಂಗಸುಗೂರು ಕಡೆಯವಳು, ಮೂವತ್ತೈದರ ಆಸುಪಾಸು. ಫೈಬರ್ ಕೆಲಸದಲ್ಲಿ ಅಚ್ಚಿಗೆ ಮೊಟ್ಟಮೊದಲು ಬಳಿಯುವ ಬಣ್ಣದ ಪದರಕ್ಕೆ ಜೆಲ್ ಎನ್ನುತ್ತಾರೆ. ಅದರ ಬೆನ್ನಿಗೆ ಗಾಜಿನ ನಾರಿನ ಹಾಸು, ಅಂಟು, ಮತ್ತೆ ಹಾಸು. ಹೊರಗೆ ಕಣ್ಣಿಗೆ ಕಾಣುವುದೆಲ್ಲ ಜೆಲ್ಲೇ. ಅದರ ದಪ್ಪವೋ, ಒಂದು ಉಗುರಿನಷ್ಟು. ಅದನ್ನು ಎಲ್ಲೂ ಹೆಚ್ಚುಕಡಿಮೆಯಾಗದ ಹಾಗೆ ಬಳಿಯುವ ಕೈ ಆ ಶೆಡ್ಡಿನಲ್ಲಿ ದುರ್ಗವ್ವಳದೊಂದೇ. ಉಳಿದವರು ಹಾಸು ಕತ್ತರಿಸಿ, ಅಂಟು ಹಚ್ಚಿ, ಸಂಜೆ ಮೈಯೆಲ್ಲ ತುರಿಸಿಕೊಳ್ಳುತ್ತ ಮನೆಗೆ ಹೋಗುತ್ತಿದ್ದರು. ಗಾಜಿನ ನಾರಿನ ಧೂಳು ಚರ್ಮಕ್ಕೆ ಹೊಕ್ಕರೆ ಎರಡು ದಿನ ಬಿಡುವುದಿಲ್ಲ. ಜೆಲ್ಲಿನ ಬ್ರಶ್ಶು ಹಿಡಿದವಳಿಗೆ ಆ ಕಾಟವಿರಲಿಲ್ಲ. ಆರು ವರ್ಷ ತುರಿಸಿಕೊಂಡ ಮೇಲೆ ಅವಳಿಗೆ ಆ ಬ್ರಶ್ಶು ಸಿಕ್ಕಿತ್ತು.

ಸೋಮಪ್ಪ ದೋಣಿಯ ಸುತ್ತ ಒಂದು ಸುತ್ತು ಬಂದು, ಬೆರಳಿನಿಂದ ಟಕಟಕ ಬಡಿದು ನೋಡುತ್ತಿದ್ದಾಗ ಅವಳು ಹತ್ತಿರ ಬಂದಳು.

"ಅಣ್ಣಾರ, ನಿಮ್ಮ ಸ್ಟೀಲಿನ ಮಷಿನ್ ಇದಕ್ಕ ಬ್ಯಾಡ್ರಿ. ನಿಧಾನಕ್ಕ ತಿರುಗೋದು ಬೇಕು, ವೇಗ ಕಮ್ಮಿ ಜಾಸ್ತಿ ಮಾಡಾಕ ನಂಬರ್ ಇರ್ತಾವಲ್ರಿ, ಅಂಥಾದ್ದು. ಒಂದ ಕಡಿ ನಿಲ್ಲಿಸಬಾರದು. ನಡುನಡುವ ಅಂಗೈ ಇಟ್ಟು ನೋಡಬೇಕು. ಬೆಚ್ಚಗ ಆತಂದ್ರ ತಗದುಬಿಡಬೇಕ್ರಿ. ಮೊದ್ಲ ಬೊಮ್ಮಸಂದ್ರದ ಫೈಬರ್ ಶೆಡ್ಡಿನಾಗ ನಾವು ಹಂಗ ಮಾಡ್ತಿದ್ವಿ."

ಅವಳು ಹೇಳಿದ್ದರಲ್ಲಿ ಸೊಕ್ಕು ಇರಲಿಲ್ಲ. ಆದರೆ ಸುತ್ತ ನಾಲ್ಕು ಜನ ನಿಂತಿದ್ದರಲ್ಲ, ಸೋಮಪ್ಪನ ನಾಲಗೆ ಸುಮ್ಮನಿರಲಿಲ್ಲ.

"ಪಾಲಿಶ್ ಅಂದ್ರೆ ಮಗೂಗೆ ಜ್ವರ ನೋಡೋದು ಅನ್ಕೊಂಡಿದ್ದೀಯಾ ದುರ್ಗವ್ವ?" ಎಂದ.

ಎಲ್ಲರೂ ನಕ್ಕರು. ವೆಂಕಟೇಶಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ದುರ್ಗವ್ವಳೂ ಸ್ವಲ್ಪ ನಕ್ಕು ಬ್ರಶ್ಶು ತೊಳೆಯಲು ಹೋದಳು.

ಆದರೂ ವೆಂಕಟೇಶಪ್ಪನಿಗೆ ಒಳಗೊಳಗೇ ಅಳುಕಿತ್ತು. ಮಾರನೆಯ ದಿನ ಸೋಮಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ಮೆಷಿನ್ ಅಂಗಡಿಗೆ ಹೋದ. ಅಂಗಡಿಯವನು ಗಾಜಿನ ಮೇಜಿನ ಮೇಲೆ ಮೂರು ಮೆಷಿನ್ ಇಟ್ಟ. ಒಂದು ಎಲ್ಲರಿಗೂ ಗೊತ್ತಿರುವ ಕೈ ಗ್ರೈಂಡರ್, ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತು. ಎರಡನೆಯದು ದುರ್ಗವ್ವ ಹೇಳಿದಂಥ ಪಾಲಿಶರ್, ಆರುನೂರರಿಂದ ಮೂರು ಸಾವಿರದವರೆಗೆ ಬೇಕಾದ ವೇಗಕ್ಕೆ ನಿಲ್ಲಿಸಬಹುದು. ಮೂರನೆಯದರ ತಟ್ಟೆ ತಿರುಗುತ್ತಲೇ ಅತ್ತಿತ್ತ ಓಲಾಡುತ್ತಿತ್ತು. ಎಷ್ಟು ಹೊತ್ತು ಹಿಡಿದರೂ ಸುಡುವುದಿಲ್ಲ, ಹೊಸಬರಿಗೆ ಇದೇ ಒಳ್ಳೆಯದು ಎಂದು ಅಂಗಡಿಯವನು ಬಾಯಿತಪ್ಪಿ ಹೇಳಿದ.

ಹೊಸಬರು ಎಂಬ ಮಾತು ಸೋಮಪ್ಪನಿಗೆ ನಾಟಿತು. "ಇದೇನ್ಲಾ, ಕುಡುದೋನ್ ಥರಾ ಓಲಾಡ್ತದೆ," ಎಂದು ಅದನ್ನು ಆಚೆ ತಳ್ಳಿದ. ಪಾಲಿಶರನ್ನು ಕೈಗೆತ್ತಿಕೊಂಡು ತೂಗಿ ನೋಡಿದ. ನಿಜ ಹೇಳಬೇಕೆಂದರೆ ಕೈಗೆ ಹಿತವಾಗಿಯೇ ಇತ್ತು. ಒಂದು ಗಳಿಗೆ ಇದೇ ಇರಲಿ ಎಂದೂ ಅನಿಸಿತು. ಆದರೆ ಇದನ್ನು ಶೆಡ್ಡಿಗೆ ಒಯ್ದರೆ ಜೆಲ್ ಬಳಿಯುವ ಹೆಂಗಸು ಹೇಳಿದ್ದನ್ನೇ ಕೇಳಿದ ಹಾಗಾಗುತ್ತದಲ್ಲ!

"ಹನ್ನೊಂದು ಸಾವ್ರ ತಿರ್ಗೋದು ನನ್ ಹತ್ರಾನೇ ಐತೆ. ಮೂರು ಸಾವ್ರದ್ದು ತಗೊಂಡು ಏನ್ ಬೆಣ್ಣೆ ಕಡೀಲಾ?" ಎಂದು ವಾಪಸ್ ಇಟ್ಟುಬಿಟ್ಟ.

ಬುಧವಾರ ಬೆಳಿಗ್ಗೆ ಸೋಮಪ್ಪ ಕಾರ್ಖಾನೆಗೆ ರಜೆ ಹಾಕಿ, ತನ್ನ ಗ್ರೈಂಡರಿಗೆ ಉಣ್ಣೆಯ ತಟ್ಟೆ ಹಾಕಿಕೊಂಡು ದೋಣಿಯ ಎಡ ಮಗ್ಗುಲಿನಿಂದ ಶುರುಮಾಡಿದ. ಹೊಸ ಕೆಲಸವೆಂಬ ಹೆದರಿಕೆಗೆ ಕೈ ತಾನಾಗಿ ಹಗುರಾಗಿತ್ತು, ಎಲ್ಲೂ ನಿಲ್ಲದೆ ಓಡುತ್ತಿತ್ತು. ಮೇಲಾಗಿ ಡಿಸೆಂಬರಿನ ಚಳಿ. ಹನ್ನೊಂದು ಗಂಟೆಯ ಹೊತ್ತಿಗೆ ಎಡ ಮಗ್ಗುಲು ನೀರಿನ ಹಾಗೆ ಹೊಳೆಯುತ್ತಿತ್ತು. ಜನ ಸೇರಿದರು. ಸೋಮಪ್ಪ ಜೇಬಿನಿಂದ ಬಾಚಣಿಗೆ ತೆಗೆದು ದೋಣಿಯಲ್ಲಿ ಮುಖ ನೋಡಿಕೊಂಡು ಮೀಸೆ ಬಾಚಿದ. ಪಾಸು! ಅದನ್ನು ನೋಡಲು ದುರ್ಗವ್ವಳೂ ಬಂದಿದ್ದಳು. ಅವಳತ್ತ ತಿರುಗಿ ಒಂದು ಸಲ ಹುಬ್ಬು ಹಾರಿಸುವುದನ್ನು ಅವನು ಮರೆಯಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ಸೋಮಪ್ಪ ಬಲ ಮಗ್ಗುಲಿಗೆ ಬಂದ. ಈಗ ಹೆದರಿಕೆ ಬಿಟ್ಟಿತ್ತು. ಕೈ ಹಳೆಯ ಕೈಯಾಗಿತ್ತು. ಮೂತಿಯ ಹತ್ತಿರ ದೋಣಿ ಬಾಗುವ ಕಡೆ ಒಂದು ಮಂಕು ಕಲೆ ಹಟ ಹಿಡಿದಿತ್ತು. ಅಲ್ಲೇ ನಿಲ್ಲಿಸಿ ಒತ್ತಿದ. ಮೂಗಿಗೆ ವಾಸನೆ ಬಂತು. ವಾಸನೆ ಬಂದರೆ ಹೊಳಪು ಬಂತೆಂದು ಮೂವತ್ತು ವರ್ಷ ಕಲಿಸಿದ ಮೂಗು ಅದು. ಇನ್ನೊಂದಿಷ್ಟು ಒತ್ತಿದ.

ಮೆಷಿನ್ ಎತ್ತಿ ನೋಡಿದರೆ ಅಂಗೈಯಗಲ ನೀಲಿ ಹೋಗಿಬಿಟ್ಟಿತ್ತು. ಸುತ್ತ ಕಂದು ಬಣ್ಣದ ಸುಟ್ಟ ಅಂಚು, ನಡುವೆ ಬೆಳ್ಳಗೆ ಗಾಜಿನ ನಾರು. ಸೋಮಪ್ಪ ಸುತ್ತ ನೋಡಿದ, ಯಾರೂ ಇರಲಿಲ್ಲ. ಒದ್ದೆ ಬಟ್ಟೆ ತಂದು ಅದರ ಮೇಲೆ ಹರಡಿ, ಬಟ್ಟೆಯನ್ನು ಹಾಗೆಯೇ ಒತ್ತಿ ಹಿಡಿದು ನಿಂತುಕೊಂಡ. ಹಾಗೆ ಹಿಡಿದರೆ ಏನಾಗುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

ಊಟ ಮುಗಿಸಿ ಬಂದ ವೆಂಕಟೇಶಪ್ಪ ಬಟ್ಟೆ ಎತ್ತಿ ನೋಡಿದ. ಅವನ ಮುಖ ಕೆಂಪಾಯಿತು. ಆದರೆ ಆ ಸಿಟ್ಟು ಸೋಮಪ್ಪನ ಕಡೆಗೆ ತಿರುಗಲೇ ಇಲ್ಲ. ತಿರುಗಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ಜೆಲ್ ತೆಳ್ಳಗೆ ಬಳ್ದವ್ಳೆ! ಎಡಗಡೆ ಅಷ್ಟು ಚೆಂದಾಗ್ ಬಂತಲ್ಲ, ಇಲ್ಯಾಕೆ ಇಂಗಾಯ್ತು? ಜೆಲ್ಲೇ ಸರಿಯಾಗಿಲ್ಲ. ಅಲ್ವಾ ಸೋಮಣ್ಣ?"

ದುರ್ಗವ್ವಳೂ ಬಂದು ನಿಂತಿದ್ದಳು. ಅವಳು ಸುಟ್ಟ ಜಾಗ ನೋಡಲಿಲ್ಲ, ಸೋಮಪ್ಪನ ಬಾಯಿಯನ್ನೇ ನೋಡುತ್ತಿದ್ದಳು. ಅಲ್ಲ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಸೋಮಪ್ಪ ಬಾಯಿ ತೆರೆದ.

"ಇರ್ಬೌದು," ಎಂದ.

ಅಷ್ಟೇ ಅವನು ಹೇಳಿದ್ದು. ಉಳಿದದ್ದನ್ನೆಲ್ಲ ವೆಂಕಟೇಶಪ್ಪ ಹೇಳಿದ. "ಇಲ್ರಿ ಸಾವ್ಕಾರ್ರ, ಎರಡೂ ಕಡಿ ಒಂದ ದಪ್ಪ ಬಳದೀನಿ, ಬೇಕಾದ್ರ ಬಾಜುಕ ಕೆರದು ನೋಡ್ರಿ," ಎಂದು ದುರ್ಗವ್ವ ಗೋಗರೆದಳು. "ಸುಟ್ಟಿರೋದು ಸಾಲ್ದು ಅಂತ ಕೆರೀಬೇಕಾ? ಸೋಮಣ್ಣನೇ ಹೇಳಿದ್ಮೇಲೆ ನಿಂದೇನು?" ಎಂದು ಅವನು ಗದರಿದ. ಅಲ್ಲಿಂದಲೇ ಅವಳ ಕೈಯ ಬ್ರಶ್ಶು ಹೋಯಿತು. ನಾಳೆಯಿಂದ ಹಾಸು ಕತ್ತರಿಸುವ ಕಡೆ ಕೂರು ಎಂದುಬಿಟ್ಟ. ದುರ್ಗವ್ವ ಎರಡನೆಯ ಸಲ ಸೋಮಪ್ಪನತ್ತ ನೋಡಲಿಲ್ಲ. ಅವನು ಮೆಷಿನ್ನಿನ ವೈರು ಸುತ್ತುತ್ತಿದ್ದ. ಒಂದು ವೈರು ಸುತ್ತಲು ಇಷ್ಟು ಹೊತ್ತು ಹಿಡಿಯುತ್ತದೆಯೇ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

ಆಮೇಲಿನ ದಿನಗಳಲ್ಲಿ ಸೋಮಪ್ಪನಿಗೆ ಆದದ್ದು ಶತ್ರುವಿಗೂ ಬೇಡ. ಯಾರಾದರೂ ಬೈದಿದ್ದರೆ ಬೈಸಿಕೊಳ್ಳಬಹುದಿತ್ತು, ಎಲ್ಲರೂ ಹೊಗಳತೊಡಗಿದರು. ವೆಂಕಟೇಶಪ್ಪ ಹೋದಕಡೆಯೆಲ್ಲ, "ನಮ್ ಸೋಮಣ್ಣ ಮೆಷಿನ್ ಇಟ್ಟೇಟ್ಗೇ ಮಾಲಿನ ಐಬು ಹಿಡುದ್ಬುಟ್ಟ. ಇಲ್ಲಾಂದಿದ್ರೆ ದೋಣಿ ಕೆರೇಗೋಗಿ ಮಾನ ಹೋಗ್ತಿತ್ತು," ಎಂದು ಹೇಳಿಕೊಂಡು ಬಂದ. ಟೀ ಅಂಗಡಿಯಲ್ಲಿ ಇನ್ನೊಂದು ಫೈಬರ್ ಶೆಡ್ಡಿನವನು ಬಂದು, ನಮ್ಮ ಮಾಲನ್ನೂ ಒಂದು ಸಲ ಕೈಯಾಡಿಸಿ ನೋಡಿ ಅಣ್ಣ, ನಿಮ್ಮ ಕೈಗೆ ಸುಳ್ಳು ಹೇಳುವುದಕ್ಕಾಗುವುದಿಲ್ಲವಂತೆ ಎಂದು ಕೇಳಿಕೊಂಡ. ಸೋಮಪ್ಪ ಅರ್ಧ ಲೋಟ ಟೀ ಬಿಟ್ಟು ಎದ್ದುಬಂದ. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದ. ಮನೆಯಲ್ಲಿ ಅನುಸೂಯಮ್ಮ, "ಪಾಪ, ಆ ಯಮ್ಮನ್ ಕೆಲ್ಸ ಹೋಯ್ತಂತಲ್ಲ?" ಎಂದು ಕೇಳಿದಾಗ, "ಹೋಗಿಲ್ಲ, ಬೇರೆ ಕೆಲ್ಸಕ್ಕೆ ಹಾಕವ್ರೆ," ಎಂದು ಸಿಡುಕಿದ. ಯಾಕೆ ಸಿಡುಕುತ್ತೀರಿ ಎಂದು ಅವಳು ಕೇಳಿದ್ದಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಆ ಒಂದು ಮಾತು, ಇರಬಹುದು ಎಂಬುದು, ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತುಬಿಟ್ಟಿತ್ತು. ತನಗೆ ಅಂಥದ್ದೇನು ಹೋಗುತ್ತಿತ್ತು ಎಂದು ಅವನು ಎಷ್ಟು ಸಲ ಕೇಳಿಕೊಂಡನೋ. ಹೆಚ್ಚೆಂದರೆ ಒಂದು ದಿನ ಜನ ನಗುತ್ತಿದ್ದರು. ಒಂದು ದಿನದ ನಗೆಗೆ ಹೆದರಿ ಆರು ವರ್ಷ ದುಡಿದು ಪಡೆದ ಬ್ರಶ್ಶನ್ನು ಒಬ್ಬಳ ಕೈಯಿಂದ ಕಿತ್ತಿದ್ದ.

ಸೋಮವಾರ ವೆಂಕಟೇಶಪ್ಪ ಮತ್ತೆ ಕರೆಸಿದ. ಸುಟ್ಟ ಜಾಗಕ್ಕೆ ತೇಪೆ ಹಾಕಬೇಕು, ಹೊಸಬನೊಬ್ಬ ಬಂದಿದ್ದಾನೆ, ನೀನು ಮುಂದೆ ನಿಂತು ನೋಡು ಎಂದ. ಸೋಮಪ್ಪ ಗ್ರೈಂಡರಿನ ಚೀಲ ಹಿಡಿದು ಹೋದ. ಶೆಡ್ಡಿನ ಮೂಲೆಯಲ್ಲಿ ದುರ್ಗವ್ವ ಗಂಡಸರ ಹಳೆಯ ತುಂಬುತೋಳಿನ ಅಂಗಿಯೊಂದನ್ನು ಸೀರೆಯ ಮೇಲೆ ಹಾಕಿಕೊಂಡು ಗಾಜಿನ ಹಾಸು ಕತ್ತರಿಸುತ್ತಿದ್ದಳು. ಮಣಿಕಟ್ಟಿನವರೆಗೂ ಕೊಬ್ಬರಿ ಎಣ್ಣೆ ಬಳಿದಿದ್ದರೂ ಕೆಂಪು ಗೀರುಗಳು ಕಾಣುತ್ತಿದ್ದವು. ಸೋಮಪ್ಪನನ್ನು ನೋಡಿ ಎದ್ದು, ಕೈ ತೊಳೆದು, ಬಿಂದಿಗೆಯಿಂದ ನೀರು ಬಗ್ಗಿಸಿ ತಂದುಕೊಟ್ಟಳು. ಶೆಡ್ಡಿಗೆ ಹಿರಿಯರು ಬಂದರೆ ನೀರು ಕೊಡುವುದು ಅವಳ ಅಭ್ಯಾಸ, ಅಷ್ಟೇ. ಸೋಮಪ್ಪ ಲೋಟ ತೆಗೆದುಕೊಂಡ, ಕುಡಿಯಲಿಲ್ಲ.

"ವೆಂಕಟೇಶಪ್ಪ," ಎಂದ, ಲೋಟ ಕೆಳಗಿಟ್ಟು. "ಜೆಲ್ ಸರಿಯಾಗೇ ಇತ್ತು. ಸುಟ್ಟೋನು ನಾನು. ಮೆಷಿನ್ ತಪ್ಪು, ನಾನು ಹಿಡುದ್ದು ತಪ್ಪು. ಆ ಯಮ್ಮನ್ ಕೆಲ್ಸ ಅವ್ಳಿಗ್ ಕೊಟ್ಬುಡು."

ವೆಂಕಟೇಶಪ್ಪ ಅವನ ಹೆಗಲ ಮೇಲೆ ಕೈಹಾಕಿದ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

"ದೊಡ್ ಮನ್ಸು ಕಣಣ್ಣ ನಿಂದು. ಪಾಪ ಎಂಗ್ಸು ಅಂತ ತಪ್ಪನ್ನ ನಿನ್ ಮೇಲೆ ಆಕೊಳ್ತಾ ಇದ್ದೀಯ. ಕೇಳುದ್ರೇನ್ರಪ್ಪಾ, ಇವ್ರು ದೊಡ್ಡೋರು ಅಂದ್ರೆ!"

ಕೆಲಸದವರು ತಲೆದೂಗಿದರು. "ಅಂಗಲ್ಲ ಕಣೋ, ನಿಜ್ವಾಗ್ಲೂ ನಾನೇ ಸುಟ್ಟಿದ್ದು," ಎಂದು ಸೋಮಪ್ಪ ದನಿ ಎತ್ತಿದ. ಹೇಳಿದಷ್ಟೂ ಅವನು ದೊಡ್ಡವನಾಗುತ್ತಾ ಹೋದ. ಇಷ್ಟು ವರ್ಷ ತಾನೇ ಊದಿ ಊದಿ ಬೆಳೆಸಿದ್ದ ಹೆಸರು ಈಗ ಅವನ ಬಾಯಿಗೇ ಬಟ್ಟೆ ತುರುಕಿತ್ತು. ಸೋಮಪ್ಪನಿಗೆ ಅಳು ಬರುವ ಹಾಗಾಯಿತು.

"ಸರಿ, ಜೆಲ್ ಎಲ್ಲಿ ಚೆನ್ನಾಗೈತೆ ಅಂತೀಯ, ತೋರ್ಸು," ಎಂದ.

"ಎಡಗಡೆ ಮಗ್ಗುಲು. ನೀನೇ ಮೀಸೆ ಬಾಚಿ ಪಾಸ್ ಮಾಡಿದ್ದಲ್ವಾ," ಎಂದು ವೆಂಕಟೇಶಪ್ಪ ನಕ್ಕ.

ಸೋಮಪ್ಪ ಚೀಲದಿಂದ ಗ್ರೈಂಡರ್ ತೆಗೆದು ವೈರು ಚುಚ್ಚಿದ. ಏನು ಮಾಡುತ್ತಿದ್ದಾನೆಂದು ಯಾರಿಗಾದರೂ ಹೊಳೆಯುವಷ್ಟರಲ್ಲಿ ಎಡ ಮಗ್ಗುಲಿನ ನಟ್ಟನಡುವೆ, ಎಲ್ಲಕ್ಕಿಂತ ಚೆನ್ನಾಗಿ ಹೊಳೆಯುತ್ತಿದ್ದ ಕಡೆ ಇಟ್ಟು ಒತ್ತಿದ. ವಾಸನೆ ಬಂತು. ಇನ್ನೂ ಒತ್ತಿದ. ವೆಂಕಟೇಶಪ್ಪ, "ಏಯ್ ಏಯ್ ಸೋಮಣ್ಣ!" ಎಂದು ಕೂಗಿ ಪ್ಲಗ್ಗು ಕಿತ್ತೆಸೆದ. ಮೆಷಿನ್ ನಿಂತಾಗ ಅಲ್ಲಿಯೂ ಅದೇ ಅಂಗೈಯಗಲ ಕಲೆ, ಅದೇ ಕಂದು ಅಂಚು, ಅದೇ ಬಿಳಿಯ ನಾರು.

"ಈಗ್ ನಂಬ್ತೀಯಾ?" ಎಂದ ಸೋಮಪ್ಪ. ಅವನ ಮನಸ್ಸು ಐದು ದಿನಗಳಲ್ಲಿ ಮೊದಲ ಬಾರಿಗೆ ಹಗುರವಾಗಿತ್ತು. ಸುಳ್ಳು ಯಾಕೆ ಹೇಳಬೇಕು, ತಾನು ಏನೋ ದೊಡ್ಡದನ್ನೇ ಮಾಡಿದೆ ಎಂದೂ ಒಳಗೆಲ್ಲೋ ಒಂದು ಸಣ್ಣ ಹೆಮ್ಮೆ ತಲೆ ಎತ್ತಿತ್ತು.

ವೆಂಕಟೇಶಪ್ಪ ಸುಟ್ಟ ಜಾಗವನ್ನೂ ಸೋಮಪ್ಪನನ್ನೂ ಒಂದಾದ ಮೇಲೊಂದು ನೋಡಿ, ಕೊನೆಗೆ ದುರ್ಗವ್ವಳ ಕಡೆ ತಿರುಗಿದ. "ಹೋಗವ್ವ, ನಿನ್ ಬ್ರಶ್ಶು ತಗೋ," ಎಂದ ಸಣ್ಣ ದನಿಯಲ್ಲಿ.

ದುರ್ಗವ್ವ ಬ್ರಶ್ಶಿನ ಕಡೆ ಹೋಗಲಿಲ್ಲ. ದೋಣಿಯ ಹತ್ತಿರ ಬಂದು ಹೊಸ ಕಲೆಯ ಮೇಲೆ ಅಂಗೈ ಇಟ್ಟಳು. ಇನ್ನೂ ಬಿಸಿಯಾಗಿತ್ತೇನೋ, ತಕ್ಷಣ ತೆಗೆದಳು. ಅವಳ ಮುಖದಲ್ಲಿ ಸಂತೋಷವಿರಲಿಲ್ಲ. ಸೋಮಪ್ಪ ಅಲ್ಲಿ ಸಂತೋಷವನ್ನು ಹುಡುಕುತ್ತಿದ್ದ, ಅದೂ ಅವಳಿಗೆ ಕಂಡಿರಬೇಕು.

"ಒಂದ ತೇಪಿ ಇತ್ತು, ಈಗ ಎರಡಾದ್ವು. ಎರಡೂ ನಾನ ಹಾಕಬೇಕು," ಎಂದಳು. "ಚಂದ ಇದ್ದದ್ದು ಈ ಒಂದ ಮಗ್ಗಲ ಇತ್ರಿ, ಅಣ್ಣಾರ."

"ಏನ್ ಮಾಡ್ಲವ್ವ, ನನ್ ಮಾತು ಇವ್ರು ನಂಬ್ಲಿಲ್ವಲ್ಲ," ಎಂದ ಸೋಮಪ್ಪ.

"ನಿಮ್ಮ ಮಾತು ನಂಬಲಿಲ್ಲಂತ ನಾ ಮಾಡಿದ ಕೆಲಸ ಸುಟ್ಟು ತೋರಿಸಿದ್ರಿ. ಅವತ್ತು ನನ್ನ ಮಾತೂ ಯಾರೂ ನಂಬಲಿಲ್ಲ." ಅವಳು ತೋಳಿನ ಗೀರುಗಳ ಮೇಲೆ ಅಂಗಿಯನ್ನು ಎಳೆದುಕೊಂಡಳು. "ನಾ ಏನ್ ಸುಡಬೇಕಿತ್ರಿ?"

ಸೋಮಪ್ಪ ತಲೆ ತಗ್ಗಿಸಿದ. ಐದು ದಿನದಿಂದ ಅನುಭವಿಸಿದ್ದೇ ನಾಚಿಕೆ ಎಂದು ಅವನು ಈ ಗಳಿಗೆಯವರೆಗೆ ಅಂದುಕೊಂಡಿದ್ದ.